ದಿಲ್ಲಿಯ ಪುಟ ಮಡಚಿಟ್ಟಿದ್ದು

ಮೀನು ಮಾರುವವಳಿಗೆ ಪೇಪರ್ ಓದಿ ಹೇಳುವ ಕೆಲಸವನ್ನು ನನಗೆ ಯಾರೂ ವಹಿಸಿದ್ದಲ್ಲ. ಶಾಲೆಯಿಂದ ನಿವೃತ್ತನಾದ ಮೇಲೆ ಅಂಕೋಲೆಯ ನಮ್ಮ ಮನೆಯ ಜಗಲಿಯಲ್ಲಿ ಬೆಳಿಗ್ಗೆ ಪೇಪರ್ ಬಿಡಿಸಿಕೊಂಡು ಕೂರುತ್ತಿದ್ದೆ. ಬೇಲೆಕೇರಿಯಿಂದ ಬಸ್ಸಿಳಿದು ಬರುತ್ತಿದ್ದ ಆಕೆ ಬುಟ್ಟಿ ಇಳಿಸಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ಇವತ್ತು ಏನು ವಿಶೇಷ ಎಂದು ಕೇಳುತ್ತಿದ್ದಳು. ಅವಳಿಗೆ ಓದು ಬರುವುದಿಲ್ಲ. ನಾನು ಓದುತ್ತಿದ್ದೆ, ಅವಳು ನನ್ನ ಪಾಲಿನ ಬಂಗಡೆ ಸ್ವಚ್ಛ ಮಾಡುತ್ತಾ ಕೇಳುತ್ತಿದ್ದಳು. ಹೋಗುವಾಗ ಹಳೆಯ ಪೇಪರನ್ನು ಮೀನು ಕಟ್ಟಲು ಒಯ್ಯುತ್ತಿದ್ದಳು. ದೇವರ ಚಿತ್ರವಿದ್ದ ಹಾಳೆ ಮಾತ್ರ ನನಗೇ ವಾಪಸು. ಅದರಲ್ಲಿ ಮೀನು ಕಟ್ಟುವವಳಲ್ಲ. ಮಂತ್ರಿಗಳ ಚಿತ್ರದ ಬಗ್ಗೆ ಅವಳಿಗೆ ಅಂಥ ಮಡಿಯೇನೂ ಇರಲಿಲ್ಲ.

ಕೇಳಿದ ಸುದ್ದಿ ಅವಳ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಅಂಕೋಲೆಯ ಗಿರಾಕಿಗಳ ಮನೆಗಳಲ್ಲಿ ಮೀನಿನ ಜೊತೆ ಅದೂ ಇಳಿಯುತ್ತಿತ್ತು. ಮಧ್ಯಾಹ್ನ ಮೀರಿ ಊರಿಗೆ ಮರಳಿದ ಮೇಲೆ ಅವಳ ಕೇರಿಯ ಹೆಂಗಸರಿಗೂ ಹಂಚಿಕೆಯಾಗುತ್ತಿತ್ತು. "ಮಾಸ್ತರು ಹೇಳಿದ್ದು" ಎಂದರೆ ಅಲ್ಲಿ ಎರಡನೇ ಮಾತಿಲ್ಲವಂತೆ. ಇದನ್ನು ಕೇಳಿ ನಾನು ಒಳಗೊಳಗೇ ಉಬ್ಬಿದ್ದೆ, ಸುಳ್ಳು ಹೇಳುವುದಿಲ್ಲ.

ಸಿನೆಮಾದವರ ಸುದ್ದಿಗೆ ಅವಳು ನಗುತ್ತಿದ್ದಳು. ದಿಲ್ಲಿಯ ಸುದ್ದಿಗೆ ಮಾತ್ರ ಕತ್ತಿ ಕೆಳಗಿಟ್ಟು ಕೇಳುತ್ತಿದ್ದಳು. ಓಟು ಹಾಕುವುದನ್ನು ಅವಳು ಒಮ್ಮೆಯೂ ತಪ್ಪಿಸಿದವಳಲ್ಲ. ಆ ದಿನ ಬುಟ್ಟಿಗೆ ರಜೆ, ತಲೆಗೆ ಅಬ್ಬಲಿಗೆ ಹೂ, ಸಾಲಿನಲ್ಲಿ ಮೊದಲ ಜಾಗ. ಮರುದಿನ ನನ್ನೆದುರು ಬೆರಳು ಚಾಚಿ ಶಾಯಿ ತೋರಿಸುವಳು. ಆ ಒಂದು ದಿನ ತನಗೂ ಕಲೆಕ್ಟರಿಗೂ ಒಂದೇ ಸಾಲು ಎಂಬುದು ಅವಳ ಹೆಮ್ಮೆ. ಮೂವತ್ತು ವರ್ಷ ಮಕ್ಕಳಿಗೆ ಪೌರನೀತಿ ಕಲಿಸಿದ ನಾನು ಇದನ್ನು ಇಷ್ಟು ಚೆನ್ನಾಗಿ ಹೇಳಿದ ನೆನಪಿಲ್ಲ.

ಹೀಗಿರುವಾಗ ಕಾರವಾರದ ಶಿರವಾಡದಲ್ಲಿರುವ ನನ್ನ ಭಾವನ ಮನೆಯಲ್ಲಿ ಊಟಕ್ಕೆ ಕೂತಲ್ಲಿ ರಾಜಕೀಯದ ಮಾತು ಬಂತು. ಸಾರಿನಿಂದ ಶುರುವಾಗಿದ್ದು ಮಜ್ಜಿಗೆಗೆ ಬರುವಷ್ಟರಲ್ಲಿ ಕೈಕೈ ಮಿಲಾಯಿಸುವುದೊಂದು ಬಾಕಿ. ನಾನು ಎಲೆ ಬಿಟ್ಟು ಎದ್ದು ಬಂದೆ. ನನ್ನದು ಮೊದಲಿನಿಂದಲೂ ಮೂಗಿನ ತುದಿಯ ಸಿಟ್ಟು. ಇನ್ನು ಮೇಲೆ ಪೇಪರಿನ ಮೊದಲ ಪುಟ ನೋಡಿದರೆ ಕೇಳು ಎಂದು ಹೆಂಡತಿಯ ಮುಂದೆ ಶಪಥ ಮಾಡಿದೆ. ಅಂದಿನಿಂದ ಪೇಪರ್ ಬಂದ ಕೂಡಲೇ ದಿಲ್ಲಿಯ ಪುಟ ಮಡಚಿ ತೊಡೆಯ ಕೆಳಗೆ, ಸಿನೆಮಾ ಪುಟ ಮೇಲೆ.

ಆ ಬೆಳಿಗ್ಗೆಯೂ ಹಾಗೇ ಕೂತಿದ್ದೆ. ಅವಳು ಬುಟ್ಟಿ ಇಳಿಸುವ ಮೊದಲೇ ಕೇಳಿದಳು: "ಬಸ್ಸಲ್ಲಿ ಎಲ್ಲಾ ಓಟಿನ ಪಟ್ಟಿ, ಓಟಿನ ಪಟ್ಟಿ ಹೇಳ್ತೇ ಇದ್ರು ಮಾಸ್ತರೇ. ಪೇಪರಲ್ಲಿ ನಮ್ಗೆ ಎಂತಾದ್ರೂ ಅದ್ಯಾ?"

ಮತದಾರರ ಪಟ್ಟಿಯನ್ನು ಹೊಸದಾಗಿ ತಪಾಸಣೆ ಮಾಡುತ್ತಿದ್ದಾರೆ, ಅದಕ್ಕಾಗಿ ಸಂಸತ್ತಿನಲ್ಲಿ ಗದ್ದಲ ಎಂಬಷ್ಟು ನನ್ನ ಕಿವಿಗೂ ಬಿದ್ದಿತ್ತು. ತೊಡೆಯ ಕೆಳಗಿನ ಹಾಳೆ ಎಳೆದು ನೋಡಲು ಒಂದು ಗಳಿಗೆ ಸಾಕಿತ್ತು. ಅದು ದಿಲ್ಲಿಯವರ ಜಗಳ, ನಮಗೆ ಎಂಥದೂ ಇಲ್ಲ ಎಂದುಬಿಟ್ಟೆ. ಯಾರೋ ನಟ ತನ್ನ ನಾಯಿಗೆ ಸೀಮಂತ ಮಾಡಿಸಿದ ಸುದ್ದಿ ಓದಿದೆ. ಬಳೆಯನ್ನು ಯಾವ ಕಾಲಿಗೆ ತೊಡಿಸಿದರು ಎಂದು ಕೇಳಿ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ನಕ್ಕೆ. ಸಂಜೆ ಅವಳ ಕೇರಿಯೆಲ್ಲ ನಕ್ಕಿರಬೇಕು. ಪಟ್ಟಿಯ ವಿಷಯ ಯಾರಾದರೂ ಎತ್ತಿದ್ದರೆ, ಮಾಸ್ತರು ಏನೂ ಇಲ್ಲ ಅಂದರು ಎಂಬ ಉತ್ತರವೂ ಸಿಕ್ಕಿರಬೇಕು.

ಮೂರು ವಾರ ಕಳೆದು ಒಂದು ದಿನ ಅಡುಗೆಮನೆಯಲ್ಲಿ ಅವಳು ಕಟ್ಟಿಕೊಟ್ಟ ಮೀನಿನ ಪೊಟ್ಟಣ ಬಿಚ್ಚಿದೆ. ಬಂಗಡೆಯ ಕೆಳಗೆ ಒದ್ದೆಯಾಗಿ ಅಂಟಿಕೊಂಡಿದ್ದು ನಾನೇ ಕೊಟ್ಟ ಹಾಳೆ, ಆ ನಾಯಿಯ ಸೀಮಂತದ ದಿನದ್ದು. ಸಂಸತ್ತಿನ ಗದ್ದಲದ ಸುದ್ದಿಯ ಕೆಳಗೆ ಚೌಕದೊಳಗೆ ಒಂದು ಸೂಚನೆ. ತಪಾಸಣೆಯವರು ಬಂದಾಗ ಮನೆಗೆ ಬೀಗವಿದ್ದರೆ ನೀವೇ ಹತ್ತಿರದ ಶಾಲೆಗೆ ಹೋಗಿ ಅರ್ಜಿ ತುಂಬಿರಿ, ಇಲ್ಲವಾದರೆ ಹೆಸರು ಬಿಟ್ಟುಹೋಗಬಹುದು. ಕೊಟ್ಟ ಗಡುವು ದಾಟಿ ಹೋಗಿತ್ತು.

ತಪಾಸಣೆಯವರು ಬರುವುದು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ. ಆ ಹೊತ್ತಿನಲ್ಲಿ ಅವಳು ಅಂಕೋಲೆಯ ಬೀದಿಯಲ್ಲಿ, ಸೊಸೆ ಬಂದರಿನಲ್ಲಿ ಮೀನು ವಿಂಗಡಿಸುತ್ತಾ, ಮಗ ಬೋಟಿನಲ್ಲಿ. ಆ ಕೇರಿಯ ಅರ್ಧ ಬಾಗಿಲುಗಳಿಗೆ ಆಗ ಬೀಗವೇ. ನನಗೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ. ಮೀನು ಹಾಗೇ ಬಿಟ್ಟು ಬೇಲೆಕೇರಿಯ ಬಸ್ಸು ಹತ್ತಿದೆ.

ಶಾಲೆಯ ಗೋಡೆಗೆ ಕರಡು ಪಟ್ಟಿ ಅಂಟಿಸಿದ್ದರು. ಬೆರಳಿಟ್ಟು ಎರಡು ಸಲ ಓದಿದೆ. ಅವಳ ಹೆಸರಿಲ್ಲ, ಸೊಸೆಯದಿಲ್ಲ, ಪಕ್ಕದ ನಾಲ್ಕು ಮನೆಯ ಹೆಂಗಸರದ್ದೂ ಇಲ್ಲ. ನಾಚಿಕೆಯಿಂದ ಅಲ್ಲಿಂದಲೇ ತಿರುಗಿ ಹೋಗಿಬಿಡೋಣ ಅನ್ನಿಸಿತು. ಆದರೂ ಹೋಗಿ ಅವಳ ಅಂಗಳದಲ್ಲಿ ಕೂತು, ಅವಳು ಮರಳಿದ ಮೇಲೆ ವಿಷಯ ಹೇಳಿದೆ. ಹೆಂಗಸರು ಸುತ್ತ ನೆರೆದರು. ಇಷ್ಟು ದೊಡ್ಡ ಸುದ್ದಿ ಪೇಪರಿನಲ್ಲಿ ಇರಲೇ ಇಲ್ಲವೇ ಎಂದು ಒಬ್ಬಳು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಇವಳು ಹೇಳಿದಳು: "ಮಾಸ್ತರ ಕಣ್ಣು ಈಗೀಗ ಸಮಾ ಕಾಣೂದಿಲ್ಲ. ಸಣ್ಣ ಅಕ್ಷರ ತಪ್ಪಿ ಹೋಯ್ತು."

ನನ್ನ ಕಣ್ಣಿಗೆ ಏನೂ ಆಗಿರಲಿಲ್ಲ. ನಾನು ತಲೆ ತಗ್ಗಿಸಿ ಸುಮ್ಮನಿದ್ದೆ. ಅವಳನ್ನು ಪಟ್ಟಿಯಿಂದ ಬೀಳಿಸಿದ್ದಕ್ಕಿಂತ ಆ ಸುಮ್ಮನಿದ್ದದ್ದೇ ನನಗೆ ಇವತ್ತಿಗೂ ಹೆಚ್ಚು ಚುಚ್ಚುತ್ತದೆ.

ಮುಂದಿನ ದಿನಗಳಲ್ಲಿ ಅವರ ಅರ್ಜಿಗಳನ್ನೆಲ್ಲ ನಾನೇ ತುಂಬಿದೆ, ಕಚೇರಿಗೂ ಅಲೆದೆ. ಯಾವುದೋ ಹಳೆಯ ದಾಖಲೆ ಬೇಕೆಂದರು. ಅವಳು ಹುಟ್ಟಿದ್ದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ನೋಡೋಣ ಎಂದರು. ಅವಳು ಮಾತ್ರ ಎಂದಿನಂತೆ ಬರುತ್ತಿದ್ದಳು. ಇಸವಣ ಮೀನಿನ ತಲೆ ಕಣ್ಣಿಗೆ ಒಳ್ಳೆಯದೆಂದು ಒಂದೊಂದು ತಲೆ ತಂದು ಇಟ್ಟು ಹೋಗುವಳು. ಹೆಂಡತಿ ಸಾರು ಮಾಡುತ್ತಿದ್ದಳು. ಮೂರು ಸಲ ತಿಂದೆ. ನಾಲ್ಕನೇ ತಲೆ ಕಂಡಾಗ ತಡೆಯಲಾಗಲಿಲ್ಲ. ನನ್ನ ಕಣ್ಣು ಸರಿಯಾಗಿಯೇ ಇದೆ, ಅವತ್ತು ಆ ಪುಟವನ್ನು ನಾನು ಓದಲೇ ಇಲ್ಲ, ತೊಡೆಯ ಕೆಳಗೆ ಹಾಕಿ ಕೂತಿದ್ದೆ ಎಂದು ಹೇಳಿಬಿಟ್ಟೆ.

ಅವಳು ಕತ್ತಿ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತದೆ. ನಾ ಎದುರಿಗೇ ಕೂತಿದ್ನಲ್ಲ" ಎಂದಳು.

ಬಯ್ಯಬಹುದಿತ್ತು. ಬಯ್ದರೆ ನನಗೂ ಸ್ವಲ್ಪ ಹಗುರವಾಗುತ್ತಿತ್ತು. ಅವಳು ತಲೆಯ ತುಂಡುಗಳನ್ನು ಎಂದಿನಂತೆ ಪಾತ್ರೆಗೆ ಹಾಕಿದಳು. ನಾನು ಗಂಟಲು ಸರಿಮಾಡಿಕೊಂಡು, ಇವತ್ತು ಮೊದಲ ಪುಟದಿಂದಲೇ ಶುರು ಮಾಡುತ್ತೇನೆ ಎಂದು ಪೇಪರ್ ಬಿಡಿಸಿದೆ.

"ಬ್ಯಾಡ" ಎಂದಳು. "ಸಿನೆಮಾದ್ದು ನೀವೇ ಓದಿ, ಚೆಂದ ಓದ್ತ್ರಿ. ದಿಲ್ಲೀದು ನಾ ಆ ಮೂಲೆ ಟೈಲರ್ ಹತ್ರ ಓದಿಸ್ಕಂತೆ."

ಹಾಸ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ಕತ್ತಿ ಒರೆಸಿ ಕೂತು ಕಾದಳು. ನಾನು ಮೊದಲ ಪುಟ ಮಡಚಿ ಅವಳ ಬುಟ್ಟಿಯ ಮೇಲಿಟ್ಟು, ಸಿನೆಮಾ ಪುಟ ತೆಗೆದು ಓದತೊಡಗಿದೆ.