ಮಗಳ ಕಪ್ಪು ಡ್ರೆಸ್ಸಿನ ಅಳತೆ

ಕೋಲಾರದ ದೊಡ್ಡಪೇಟೆಯಲ್ಲಿ ಬಟ್ಟೆ ಅಂಗಡಿಗಳಿಗೆ ಬರವಿಲ್ಲ. ಆದರೂ ಕಳೆದ ವರ್ಷ ಮಗಳಿಗೆ ಒಂದು ಕಪ್ಪು ಡ್ರೆಸ್ ಹುಡುಕಿಕೊಂಡು ಮಧ್ಯಾಹ್ನವಿಡೀ ಅಲೆದು, ಬರಿಗೈಯಲ್ಲಿ ಮನೆಗೆ ಬಂದೆವು. ಅವಳ ಡಿಗ್ರಿ ಮುಗಿಯುತ್ತಿತ್ತು. ಕಾಲೇಜಿನ ಫೇರ್‌ವೆಲ್‌ಗೆ ಹುಡುಗಿಯರೆಲ್ಲ ಕಪ್ಪು ಡ್ರೆಸ್ ಹಾಕಿಕೊಳ್ಳಬೇಕೆಂದು ಮಾತಾಡಿಕೊಂಡಿದ್ದರು. ಮಂಡಿಯವರೆಗೆ ಬರುವ, ಜರಿಗಿರಿ ಏನೂ ಇಲ್ಲದ ಸಾದಾ ಡ್ರೆಸ್. ಮೂರು ವರ್ಷ ದೊಗಲೆ ಚೂಡಿದಾರದ ಮೇಲೆ ವೇಲ್ ಹೊದ್ದುಕೊಂಡೇ ಕಾಲೇಜು ಮುಗಿಸಿದವಳು ಮೊದಲ ಸಲ ಬಾಯಿಬಿಟ್ಟು ಕೇಳಿದ್ದಳು.

"ಅಮ್ಮಾ, ನಾನೂ ಹಾಕ್ಕೋತೀನಿ. ಸಿಗ್ಲಿಲ್ಲಾಂದ್ರೆ ಫೇರ್‌ವೆಲ್‌ಗೆ ಹೋಗಲ್ಲ."

ನನ್ನ ಮಗಳು ದಪ್ಪ. ಅದನ್ನು ಸುತ್ತಿ ಬಳಸಿ ಹೇಳುವುದು ನನಗೆ ಆಗುವುದಿಲ್ಲ. "ಮೈಕೈ ತುಂಬ್ಕೊಂಡಿದ್ದಾಳೆ" ಎಂದು ಹಲ್ಲು ಕಿರಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನೂ ದಪ್ಪ. ನಮ್ಮಮ್ಮನೂ ಒಂದು ಕಾಲಕ್ಕೆ ದಪ್ಪಗೇ ಇದ್ದವಳು. ನಾವು ಯಾರ ಮನೆಯ ಅನ್ನವನ್ನೂ ಕದ್ದು ತಿಂದಿಲ್ಲ.

ಮೊದಲನೆಯ ಅಂಗಡಿಯ ಹೆಂಗಸು ನಾವು ಮೆಟ್ಟಿಲು ಹತ್ತುವಾಗಲೇ ತಲೆಯಾಡಿಸಿದಳು. ಎರಡನೆಯ ಅಂಗಡಿಯಲ್ಲಿ, "ಫ್ರೀ ಸೈಜ್ ಇದೆ ಅಕ್ಕಾ, ಎಲ್ರಿಗೂ ಆಗುತ್ತೆ" ಎಂದು ಒಂದನ್ನು ತೆಗೆದುಕೊಟ್ಟರು. ಅದು ಮಗಳ ತೋಳಿನಲ್ಲೇ ನಿಂತುಹೋಯಿತು. ಎಲ್ಲರಿಗೂ ಆಗುವ ಬಟ್ಟೆ ಇವಳೊಬ್ಬಳಿಗೆ ಆಗದಿದ್ದರೆ, ಇವಳು ಆ ಎಲ್ಲರಲ್ಲಿ ಸೇರಿಲ್ಲ ಎಂದಾಯಿತಲ್ಲ. ಮೂರನೆಯ ಅಂಗಡಿಯವಳು ಬಹಳ ಮರ್ಯಾದಸ್ಥೆ.

"ಈ ಸೈಜಲ್ಲಿ ನಮ್ಮತ್ರ ನೈಟಿ ಬರುತ್ತೆ ಅಕ್ಕಾ. ಕಪ್ಪೇ ಬೇಕಂದ್ರೂ ಇದೆ."

"ಆ ನೈಟಿ ಹಾಕ್ಕೊಂಡು ನಾಳೆ ನೀನು ಅಂಗಡಿಗೆ ಬಾರಮ್ಮ, ನಾನ್ ಬಂದು ನೋಡ್ತೀನಿ," ಎಂದು ಎದ್ದುಬಂದೆ. ದಪ್ಪಗಿರುವವಳು ಮನೆಯೊಳಗೇ ಬಿದ್ದಿರಲಿ, ಹೊಸಿಲು ದಾಟದಿರಲಿ ಎಂದು ಇವರೆಲ್ಲ ಸೇರಿ ತೀರ್ಮಾನ ಮಾಡಿದ್ದಾರೆಯೇ? ನೈಟಿಗೆ ಎಷ್ಟು ಬೇಕಾದರೂ ಬಟ್ಟೆ ಬಿಡುತ್ತಾರೆ. ನಾಲ್ಕು ಜನರ ನಡುವೆ ಹಾಕಿಕೊಳ್ಳುವ ಬಟ್ಟೆಗೆ ಮಾತ್ರ ಇವರ ಕೈ ಬಾರದು. ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕೂತಿದ್ದಳು.

ನನ್ನ ಹೊಟ್ಟೆ ಇನ್ನೂ ಹೆಚ್ಚು ಉರಿಯಲು ಬೇರೆ ಕಾರಣವಿತ್ತು. ವೇಮಗಲ್ ಹತ್ತಿರದ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ಹದಿನಾರು ವರ್ಷದಿಂದ ಹೊಲಿಯುತ್ತೇನೆ. ಆ ತಿಂಗಳು ನಮಗೆ ಬಂದಿದ್ದ ಆರ್ಡರ್ ಕಪ್ಪು ಡ್ರೆಸ್ಸಿನದೇ. ಹೊರದೇಶಕ್ಕೆ ಹೋಗುವ ಮಾಲು. ಕಡ್ಡಿಯಂತಿರುವವರಿಂದ ಹಿಡಿದು ನನಗಿಂತ ದಪ್ಪ ಇರುವವರವರೆಗೆ, ಎಲ್ಲ ಅಳತೆಯಲ್ಲೂ ಒಂದೇ ಡ್ರೆಸ್ ಆಗಬೇಕಿತ್ತು. ಅಲ್ಲೆಲ್ಲೋ ಸಮುದ್ರದಾಚೆ ಇರುವ ದಪ್ಪ ಹೆಂಗಸರಿಗೆ ನಾವು ಹೊಲಿದು ಕಳಿಸುತ್ತೇವೆ. ಇಲ್ಲಿ ನನ್ನ ಮಗಳಿಗೆ ನೈಟಿ.

ಅಂಗಡಿಗೆ ಹೋಗಿಬಂದ ಮಾರನೆಯ ದಿನ ನನ್ನನ್ನು ಲೈನಿನಿಂದ ಎಬ್ಬಿಸಿ ಸ್ಯಾಂಪಲ್ ರೂಮಿಗೆ ಕರೆದರು. ಮೊದಲು ಒಂದು ಮಾದರಿ ಡ್ರೆಸ್ ಹೊಲಿದು, ಅದು ಮೈಮೇಲೆ ಹೇಗೆ ಕೂರುತ್ತದೆ ಎಂದು ನೋಡುವುದು ಅಲ್ಲಿಯೇ. ನಮ್ಮಲ್ಲಿದ್ದ ಗೊಂಬೆ ಸಣ್ಣ ಮೈಯದು. ದೊಡ್ಡ ಅಳತೆಯ ಡ್ರೆಸ್ಸಿಗೆ ಜೀವಂತ ಗೊಂಬೆ ಬೇಕಾಗಿತ್ತು. ಮುನ್ನೂರು ಹೆಂಗಸರ ನಡುವೆ ಅವರ ಕಣ್ಣಿಗೆ ಬಿದ್ದವಳು ನಾನು.

ಡ್ರೆಸ್ ಹಾಕಿಕೊಂಡು ನಿಂತೆ. ಹೈದರಾಬಾದಿನಿಂದ ಹೊಸದಾಗಿ ಬಂದಿದ್ದ, ಡ್ರೆಸ್ಸಿನ ಅಳತೆ ಹಾಕಿಕೊಡುವ ಪ್ಯಾಟರ್ನ್ ಮಾಸ್ಟರ್ ನನ್ನ ಸುತ್ತ ಎರಡು ಸುತ್ತು ಬಂದು, ಫೋನಿನಲ್ಲಿ ಯಾರಿಗೋ ತೆಲುಗಿನಲ್ಲಿ ಹೇಳಿದ: "ಈ ಬರ್ರೆಕು ಪಟ್ಟಿಂದಂಟೇ ಎವರಿಕೈನಾ ಪಡ್ತುಂದಿ." ಈ ಎಮ್ಮೆಗೆ ಆಯಿತೆಂದರೆ ಯಾರಿಗೆ ಬೇಕಾದರೂ ಆಗುತ್ತದೆ ಎಂದು. ನಾನು ಅವನ ಜೊತೆ ಕನ್ನಡದಲ್ಲಿ ಮಾತಾಡಿದ್ದೆ, ಅದಕ್ಕೆ ಇವಳಿಗೆ ತೆಲುಗು ಬರುವುದಿಲ್ಲ ಎಂದುಕೊಂಡಿದ್ದಾನೆ. ನಮ್ಮ ಕಡೆ ತೆಲುಗು ಬರದವರನ್ನು ಹುಡುಕಿಕೊಂಡು ಹೋಗಬೇಕು. ನಮ್ಮಮ್ಮ ನನ್ನನ್ನು ಬೈದಿರುವುದೇ ತೆಲುಗಿನಲ್ಲಿ.

"ಬರ್ರೆ ಇಕ್ಕಡೇ ಉಂದಿ ಸಾರ್. ವಿಂಟಾ ಉಂದಿ," ಎಂದೆ. ಎಮ್ಮೆ ಇಲ್ಲೇ ಇದೆ, ಕೇಳಿಸಿಕೊಳ್ಳುತ್ತಿದೆ.

ಅವನ ಮುಖ ಇಷ್ಟಾಯಿತು. ಫೋನ್ ಇಟ್ಟ. ನಾನು ಅಷ್ಟಕ್ಕೇ ಬಿಡಲಿಲ್ಲ. ಬಸ್ಸಿನ ಕಂಬಿ ಹಿಡಿಯುವ ಹಾಗೆ ಎರಡೂ ಕೈ ಮೇಲೆತ್ತಿದೆ. ಡ್ರೆಸ್ ಪೂರ್ತಿ ತೊಡೆಯವರೆಗೆ ಎದ್ದುಬಂತು. ಕೈ ಇಳಿಸಿದರೆ ಭುಜ ಜಾರಿ ತೋಳಿನ ಮೇಲೆ ಬಿತ್ತು.

"ಸಣ್ಣ ಡ್ರೆಸ್ಸನ್ನೇ ಎಲ್ಲಾ ಕಡೆ ಒಂದೇ ಸಮ ಎಳೆದು ದೊಡ್ಡದು ಮಾಡಿದ್ದೀರ ಸಾರ್. ದಪ್ಪ ಆದ್ರೆ ಭುಜದ ಮೂಳೆ ಬೆಳೆಯುತ್ತಾ? ಬೆಳೆಯೋದು ಹೊಟ್ಟೆ, ಎದೆ, ತೋಳು. ಭುಜ ಒಳಗೆ ತಗೊಳಿ. ಕಂಕುಳು ಮೇಲಕ್ಕೆ ತನ್ನಿ. ತೋಳಿಗೂ ಹೊಟ್ಟೆಗೂ ಬಟ್ಟೆ ಬಿಡಿ. ಹಾಕ್ಕೊಂಡವಳು ಕೈ ಎತ್ಬೇಕು, ಕೂತ್ಕೋಬೇಕು, ಊಟ ಮಾಡ್ಬೇಕು. ಅವಳೂ ಮನುಷ್ಯಳೇ."

ಅವನು ಎಲ್ಲ ಬರೆದುಕೊಂಡ. ನಾಲ್ಕು ಸಲ ಬಿಚ್ಚಿ ಹೊಲಿಸಿ, ನಾಲ್ಕು ಸಲ ನನಗೆ ಹಾಕಿಸಿ ನೋಡಿದರು. ನಾಲ್ಕನೆಯ ಸಲ ಡ್ರೆಸ್ ಮೈಮೇಲೆ ಕೂತದ್ದು ನನಗೆ ಗೊತ್ತೇ ಆಗಲಿಲ್ಲ, ಅಷ್ಟು ಹಗುರ. ಎಲ್ಲೂ ಹಿಡಿಯುತ್ತಿರಲಿಲ್ಲ, ಎಲ್ಲೂ ಜೋಲುತ್ತಿರಲಿಲ್ಲ. ನಲವತ್ತೈದು ವರ್ಷದಲ್ಲಿ ನನ್ನ ಮೈಗೆಂದೇ ಆದ ಬಟ್ಟೆ ಹಾಕಿಕೊಂಡದ್ದು ಅದೇ ಮೊದಲು. ಸ್ಯಾಂಪಲ್ ರೂಮಿನ ಕನ್ನಡಿಯ ಮುಂದೆ ನಿಂತು, ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಚೆನ್ನಾಗಿದ್ದೆ.

ಮಾಲು ಕೊಳ್ಳುವ ಬಯರ್ ಕಡೆಯವರು ಒಪ್ಪಿದ್ದಾಯಿತು. ಇನ್ನು ಆ ಪೀಸನ್ನು ನನಗೆ ಕೊಡಿ, ಮಗಳಿಗೆ ಆಗುತ್ತದೆ ಎಂದು ಕೇಳಿದೆ. ಆ ಮಾಸ್ಟರಿಗೆ ಅಷ್ಟು ಹೊತ್ತಿಗೆ ನನ್ನ ಮೇಲೆ ಸ್ವಲ್ಪ ಗೌರವ ಬಂದಿತ್ತು. "ರೂಲ್ಸಮ್ಮಾ, ನಾನೇನೂ ಮಾಡೋಕಾಗಲ್ಲ," ಎನ್ನುತ್ತಲೇ ನನ್ನ ಕಣ್ಣೆದುರು ಕತ್ತರಿ ತೆಗೆದುಕೊಂಡು ಬೆನ್ನಿನ ಉದ್ದಕ್ಕೂ ಕತ್ತರಿಸಿದ. ಕೆಲಸ ಮುಗಿದ ಸ್ಯಾಂಪಲ್ ಯಾರ ಮೈಗೂ ಹೋಗಬಾರದಂತೆ. ಅವತ್ತು ಊಟದ ಡಬ್ಬಿಯನ್ನು ನಾನು ತೆರೆಯಲೇ ಇಲ್ಲ.

ಆಯಿತು, ಕತ್ತರಿ ನನ್ನ ಹತ್ತಿರವೂ ಇದೆ ಎಂದುಕೊಂಡೆ. ಶನಿವಾರ ದೊಡ್ಡಪೇಟೆಯಲ್ಲಿ ಒಳ್ಳೆಯ ಕಪ್ಪು ಬಟ್ಟೆ ತಂದೆ, ಸ್ವಲ್ಪ ಹೆಚ್ಚೇ ತಂದೆ. ಸಂಜೆ ಮಗಳ ಅಳತೆ ತೆಗೆದು ಚೀಟಿಯಲ್ಲಿ ಬರೆದುಕೊಂಡು ಕತ್ತರಿಸಿದೆ. ಭಾನುವಾರ ಬೆಳಗ್ಗೆಯೇ ಮೆಷಿನ್ ಮುಂದೆ ಕೂತೆ. ಶ್ರೀನಿವಾಸಪುರದಿಂದ ನಮ್ಮಮ್ಮ ಒಂದು ಚೀಲ ಬಾದಾಮಿ ಹಣ್ಣು ಹಿಡಿದುಕೊಂಡು ಬಂದಿದ್ದಳು. ನಮ್ಮ ಕಡೆ ಬಾದಾಮಿ ಎಂದರೆ ಮಾವು. ಅದನ್ನು ಹೆಚ್ಚುತ್ತಾ ಕೂತು, "ಕಪ್ಪು ಒಳ್ಳೇದು ಬಿಡೇ, ಸಣ್ಣ ಕಾಣ್ತಾಳೆ" ಎಂದಳು.

"ಸಣ್ಣ ಕಾಣೋಕಲ್ಲ ಅಜ್ಜೀ, ಚೆನ್ನಾಗ್ ಕಾಣೋಕೆ," ಎಂದಳು ಮಗಳು. ನನಗೆ ಎದ್ದು ಅವಳನ್ನು ತಬ್ಬಿಕೊಳ್ಳಬೇಕೆನಿಸಿತು.

ಹೊಲಿದು ಮುಗಿಸಿ ಕೊಟ್ಟೆ. ಒಳಗೆ ಹೋಗಿ ಹಾಕಿಕೊಂಡು ಬಂದವಳು ಬಾಗಿಲಲ್ಲೇ ನಿಂತಳು. ಭುಜ ಸರಿಯಾಗಿತ್ತು, ಕಂಕುಳು ಸರಿಯಾಗಿತ್ತು. ಬೆನ್ನಿನ ಜಿಪ್ ಮಾತ್ರ ಸೊಂಟದ ಹತ್ತಿರವೇ ನಿಂತಿತ್ತು. ಎಳೆದೆ, ಬರಲಿಲ್ಲ.

"ನಂದೇ ತಪ್ಪು ಕಣಮ್ಮಾ," ಎಂದಳು ಮೆಲ್ಲಗೆ. "ಇನ್ನೂ ಎಂಟ್ ದಿನ ಇದ್ಯಲ್ಲ. ಬರೀ ಮಜ್ಜಿಗೆ ಕುಡ್ಕೊಂಡು ಇರ್ತೀನಿ, ಆಗ್ಬಿಡುತ್ತೆ."

"ನೋಡು, ಎಷ್ಟ್ ಬುದ್ಧಿ ನನ್ ಮೊಮ್ಮಗಳಿಗೆ," ಎಂದಳು ನಮ್ಮಮ್ಮ.

ನನಗೆ ಅಳತೆ ತಪ್ಪುವುದಿಲ್ಲ. ಚೀಟಿ ತೆಗೆದು ನೋಡಿದೆ. ಸೊಂಟದ ಸುತ್ತಳತೆ ನಲವತ್ತೈದು ಎಂದು ನನ್ನದೇ ಕೈಬರಹ. ಹಿಂದಿನ ದಿನ ಟೇಪಿನಲ್ಲಿ ನಲವತ್ತೇಳು ನೋಡಿದ್ದು ನನಗೆ ಚೆನ್ನಾಗಿ ನೆನಪಿತ್ತು. ನಲವತ್ತೇಳು ನೋಡಿ ನಲವತ್ತೈದು ಬರೆದಿದ್ದೆ. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಮಾಡಿತ್ತು.

ನನ್ನನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದರೆ ಅಮ್ಮ ಟೈಲರಿಗೆ, "ಎರಡಿಂಚು ಬಿಗಿ ಮಾಡಪ್ಪಾ, ಅಷ್ಟರಲ್ಲಿ ಇಳ್ದಿರ್ತಾಳೆ" ಎನ್ನುತ್ತಿದ್ದಳು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ದಪ್ಪ ಹುಡುಗಿಯರಿಗೆ ಬಟ್ಟೆ ಹೊಲಿಸುವುದೇ ಹೀಗೆ. ಇರುವ ಮೈಗಲ್ಲ, ಆಗಬೇಕಾದ ಮೈಗೆ. ಆ ರವಿಕೆಗಳು ನನ್ನ ತೋಳಿನ ಮೇಲೆ ಎಬ್ಬಿಸಿದ ಬಾಸುಂಡೆಗಳನ್ನು ನಾನೇ ಉಜ್ಜಿಕೊಂಡಿದ್ದೇನೆ. ಆದರೂ ಕಾಣದ ದೇಶದ ಹೆಂಗಸರ ಪರವಾಗಿ ಸ್ಯಾಂಪಲ್ ರೂಮಿನಲ್ಲಿ ಅಷ್ಟು ಕೂಗಾಡಿದ ನಾನು, ಹೆತ್ತ ಮಗಳಿಗೆ ಎರಡಿಂಚು ಕಮ್ಮಿ ಮಾಡಿದೆ. ಆ ಹೈದರಾಬಾದಿನವನು ನನಗಿಂತ ವಾಸಿ. ಅವನು ಬಾಯಲ್ಲಿ ಅಂದ, ಅಷ್ಟೇ.

"ತಪ್ಪು ನಿಂದಲ್ಲ, ನಂದು. ಮಜ್ಜಿಗೆ ಗಿಜ್ಜಿಗೆ ಅಂದ್ರೆ ನೋಡು," ಎಂದು ಮಗಳ ಮೇಲೆ ಕೂಗಿದೆ. ಅಮ್ಮನ ಮೇಲೂ ಕೂಗಿದೆ. "ನಾನ್ ಒಳ್ಳೇದಕ್ ತಾನೇ ಹೇಳ್ತಿದ್ದಿದ್ದು," ಎಂದು ಅವಳು ಮುಖ ಊದಿಸಿಕೊಂಡಳು. ಒಳ್ಳೆಯದಕ್ಕೇ. ನಮಗೆ ಆದದ್ದೆಲ್ಲ ಒಳ್ಳೆಯದಕ್ಕೇ. ಕೂತು ಎರಡೂ ಪಕ್ಕದ ಹೊಲಿಗೆ ಬಿಚ್ಚಿ ಹಾಕಿದೆ. ಮಿಕ್ಕಿದ್ದ ಬಟ್ಟೆಯಲ್ಲಿ ಪಟ್ಟಿ ಕೊಟ್ಟು ಅಗಲ ಮಾಡಬಹುದಾಗಿತ್ತು, ಮಾಡಿದೆ. ಅವಳು ಅದನ್ನು ಹಾಕಿಕೊಂಡೇ ಫೇರ್‌ವೆಲ್‌ಗೆ ಹೋದಳು, ಗೆಳತಿಯರ ಜೊತೆ ಕುಣಿದಳಂತೆ. ಆದರೆ ಪಟ್ಟಿ ಕೊಡುವ ಮುಂಚೆ ಇನ್ನೊಂದು ಸಲ ಅಳತೆ ತೆಗೆದೆನಲ್ಲ, ಆಗ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಮಗಳನ್ನು ನಿಲ್ಲಿಸಿ ಸೊಂಟದ ಸುತ್ತ ಟೇಪು ತಂದೆ. ಹಿಂದಿನ ದಿನದ ನಲವತ್ತೇಳಕ್ಕೇ ಸರಿಯಾಗಿ ಕೂತಿತು. ತಲೆ ಎತ್ತಿ ನೋಡಿದೆ. ಅವಳು ಗೋಡೆಯ ಕಡೆ ನೋಡುತ್ತಾ ನೆಟ್ಟಗೆ ನಿಂತಿದ್ದಳು, ಹೊಟ್ಟೆಯನ್ನು ಬೆನ್ನಿಗೆ ಎಳೆದುಕೊಂಡಿದ್ದಳು.

"ಉಸಿರು ಬಿಡೇ," ಎಂದೆ.

"ಬಿಟ್ಟೇ ಇದ್ದೀನಲ್ಲಮ್ಮಾ," ಎಂದಳು.

ಅವಳು ಸುಳ್ಳು ಹೇಳುತ್ತಿರಲಿಲ್ಲ. ಟೇಪು ಹಿಡಿದುಕೊಂಡು ಕಾದೆ. ಹೊಟ್ಟೆ ಹಾಗೇ ಇತ್ತು, ಮಾತಾಡುವಾಗಲೂ, ನಗುವಾಗಲೂ. ಹೊಟ್ಟೆಯನ್ನು ಹೇಗೆ ಸಡಿಲ ಬಿಡುವುದು ಎಂದು ಅವಳಿಗೆ ಹೇಳಿಕೊಡೋಣವೆಂದು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೆ. ನಾನೂ ಬಿಟ್ಟಿರಲಿಲ್ಲ.