ಹೊಸ ಗಾದಿಯೊಳಗಿನ ಮೆಣಸಿನಕಾಯಿ ಘಾಟು

ಮದುವೆಯಾಗಿ ಬರೀ ಇಪ್ಪತ್ತು ದಿನ, ನಾವಿಬ್ಬರೂ ರಾಣೆಬೆನ್ನೂರಿನ ಅಂಗಡಿಯಲ್ಲಿ ನಮ್ಮದೇ ಗಾದಿ ಆರಿಸುತ್ತಿದ್ದೆವು! "ಕೆಳಗ ಗಟ್ಟಿ ಗಾದಿ, ಮ್ಯಾಲ ಮೆತ್ತನ್ನ ಟಾಪರ್ ಹಾಕ್ರಿ ಅಕ್ಕಾರ, ಭಾಳ ದಿನಾ ಬಾಳಿಕಿ ಬರತೈತಿ," ಎನ್ನುತ್ತ ಅಂಗಡಿಯವರು ಟಾಪರ್ ಎಂಬ ಅರಳೆ ತುಂಬಿದ ತೆಳು ಹಾಸನ್ನು ಬಿಚ್ಚಿದರು. ಹೊಸ ಅರಳೆಯ ವಾಸನೆ ಬಂದದ್ದೇ ತಡ, ಚಿಕ್ಕಂದಿನ ಒಂದು ಬೇಸಿಗೆ ನೆನಪಾಯಿತು.

ಬ್ಯಾಡಗಿಯ ನಮ್ಮ ಮನೆಯಲ್ಲಿ ಬೇಸಿಗೆ ಬಂದರೆ ಹಳೆ ಗಾದಿ ಬಿಚ್ಚಿ ಅರಳೆ ಹಿಂಜಿಸುತ್ತಿದ್ದರು. ಆ ವರ್ಷ ಹಿಂಜುವವರು ಬರುವ ಮೊದಲು, "ಮಾಳಿಗಿ ಮ್ಯಾಲ ಮೆಣಸಿನಕಾಯಿ ಒಣಗಿಸೇವಿ, ಛಂದಾಗಿ ಕಸಾ ಹೊಡಿ," ಎಂದಳು ಅವ್ವ. ಆಟದ ಅವಸರದಲ್ಲಿ ನಾನು ಹೊಡೆದೆನೆಂದು ಸುಳ್ಳು ಹೇಳಿದೆ. ಹಿಂಜುವ ಕಾಕಾ ಮೆಣಸಿನಕಾಯಿ ಪುಡಿ ಉಳಿದಿದ್ದ ಆ ಮಾಳಿಗೆಯ ಮೇಲೆಯೇ ಅರಳೆ ಹರವಿ ಹಿಂಜಿದರು. ನಾಲ್ಕೈದು ಸಲ ಸೀನಿ, "ಬ್ಯಾಡಗಿ ಗಾಳೀನ ಹಿಂಗ ಬಿಡವಾ," ಎಂದು ನಕ್ಕು, ಗಾದಿ ಹೊಲಿದು ಹೋದರು.

ಮಧ್ಯಾಹ್ನ ಮೂರು ವರ್ಷದ ತಮ್ಮ ಆ ಗಾದಿಯ ಮೇಲೆ ಕುಣಿದು ಹೊರಳಾಡಿದ. ಕೆಮ್ಮು ಶುರುವಾದದ್ದು ನಿಲ್ಲಲೇ ಇಲ್ಲ. ಮುಖ ಕೆಂಪೇರಿ, ಉಸಿರು ಸಿಗದೆ ಬಾಯಿ ತೆರೆದ. ಅಪ್ಪ ಅವನನ್ನು ಹೆಗಲಿಗೆ ಹಾಕಿಕೊಂಡು ದವಾಖಾನೆಗೆ ಓಡಿದರು. "ಯಾರ ಕಣ್ಣು ಬಿತ್ತೋ ನನ್ನ ಕೂಸಿಗೆ!" ಎಂದು ಅಜ್ಜಿ ಅಳುತ್ತಿದ್ದಳು. ತಮ್ಮ ಸತ್ತರೆ ಕೊಂದವಳು ನಾನೇ ಎಂದುಕೊಂಡು ನಾನು ಬಾಗಿಲ ಹಿಂದೆ ಅಡಗಿ ಕೂತೆ. ಸಂಜೆ ಅವನು ಬಿಸ್ಕಿಟ್ ತಿನ್ನುತ್ತ ಬಂದ. ಆದರೂ ನಾನು ಬಾಯಿ ಬಿಡಲಿಲ್ಲ.

ಇಷ್ಟು ವರ್ಷದ ಮೇಲೆ ಈಗ, ಕವರ್ ಬಿಚ್ಚಿ ಒಗೆಯಬಹುದಾದ ಟಾಪರನ್ನೇ ಆರಿಸಿ, ಅಂಗಡಿಯಿಂದಲೇ ತಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಅವನು, "ಅಕ್ಕಾ, ನಿಮ್ಮ ಮನಿಗೆ ಬಂದ್ರ ನಾ ಚಾಪಿ ಮ್ಯಾಲ ಮಲಗ್ತೇನಿ," ಎಂದ.