ಕಂದು ಬಣ್ಣದ ಖಾಲಿ ಸ್ಲಾಟ್

ನಮ್ಮ ಮನೆಯಲ್ಲಿ ಚೀಟಿ ಬರೆಯುವವಳು ನಾನು. ದಿನಸಿ ಚೀಟಿ, ಹಬ್ಬದ ಸಾಮಾನಿನ ಚೀಟಿ, ಎಲ್ಲವನ್ನೂ ಯಾರಾದರೂ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಕಾನ್ವೆಂಟಿನ ಸಿಸ್ಟರ್‌ಗಳು ತಿದ್ದಿಸಿದ ಅಕ್ಷರ. ಅರಸೀಕೆರೆಯ ಅಂಗಡಿಯವರು ನನ್ನ ಮುಖಕ್ಕಿಂತ ಮೊದಲು ನನ್ನ ಅಕ್ಷರದ ಗುರುತು ಹಿಡಿಯುತ್ತಿದ್ದರು. ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ಮನೆಗೆ ಕಂಪ್ಯೂಟರ್ ತರುವುದೆಂದು ತೀರ್ಮಾನವಾದಾಗ ಅದರ ಬಿಡಿಭಾಗಗಳ ಚೀಟಿಯನ್ನೂ ನಾನೇ ಬರೆದೆ.

ಕಂಪ್ಯೂಟರ್ ಯಾರಿಗೆ ಎಂದು ಕೇಳಿದವರಿಗೆಲ್ಲ ನಮ್ಮ ಯಜಮಾನರು "ಮನೆಗೆ" ಎನ್ನುತ್ತಿದ್ದರು. ಬೇಲೂರಿನ ಅವರ ಕಚೇರಿಯಲ್ಲಿ ಉಳಿದವರೆಲ್ಲ ಆಗಲೇ ತಂದಾಗಿತ್ತು. ನನಗೆ ಅದು ಬೇಕಾಗಿದ್ದುದು ಬೇರೆ ಕಾರಣಕ್ಕೆ.

ಹಿಂದಿನ ವರ್ಷ ಹಾಸನದಲ್ಲಿ ಅಕ್ಕನಿಗೆ ಆಪರೇಷನ್ ಆದಾಗ ಒಂದು ತಿಂಗಳು ಅವಳ ಮನೆಯಲ್ಲಿದ್ದೆ. ಮಧ್ಯಾಹ್ನ ಅವಳು ಮಾತ್ರೆ ನುಂಗಿ ಮಲಗಿದ ಮೇಲೆ ಮಾಡಲು ಕೆಲಸವಿರುತ್ತಿರಲಿಲ್ಲ. ಭಾವನ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟವೊಂದಿತ್ತು. ಸ್ಕೂಟಿಯ ಹ್ಯಾಂಡಲ್ಲನ್ನೂ ಹಿಡಿದು ಗೊತ್ತಿಲ್ಲದವಳು ನಾನು. ಮದುವೆಯಾಗಿ ಹನ್ನೆರಡು ವರ್ಷವಾದರೂ ಒಬ್ಬಳೇ ಹೋಗುತ್ತಿದ್ದ ದೂರವೆಂದರೆ ಬಸ್‌ಸ್ಟ್ಯಾಂಡಿನ ಹೂವಿನಂಗಡಿ. ಆ ಆಟದಲ್ಲಿ ಸಮುದ್ರದ ಪಕ್ಕದ ರಸ್ತೆಯಲ್ಲಿ ಕೆಂಪು ಕಾರು ನನ್ನ ಬೆರಳಿನ ಕೆಳಗೆ ಓಡುತ್ತಿತ್ತು. ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಕೇಳುವವರಿರಲಿಲ್ಲ. ದೀಪಸ್ತಂಭದ ಹತ್ತಿರದ ತಿರುವಿನಲ್ಲಿ ಮಾತ್ರ ಚಿತ್ರ ಗಕ್ಕನೆ ನಿಂತುಬಿಡುತ್ತಿತ್ತು. ಮತ್ತೆ ಚಲಿಸುವ ಹೊತ್ತಿಗೆ ಕಾರು ಸಮುದ್ರದಲ್ಲಿ.

"ಗ್ರಾಫಿಕ್ಸ್ ಕಾರ್ಡ್ ಇಲ್ವಲ್ಲಮ್ಮ ಇದಕ್ಕೆ, ಅದಕ್ಕೇ ಹಂಗೆ," ಎಂದಿದ್ದರು ಭಾವ. "ಅದೊಂದು ಹಾಕ್ಸಿದ್ರೆ ಬೆಣ್ಣೆ ಥರ ಹೋಗುತ್ತೆ."

ಆ ಮಾತು ನನ್ನಲ್ಲಿ ಉಳಿದಿತ್ತು. ಯಜಮಾನರು ಕಚೇರಿಯಲ್ಲಿ ಯಾರೋ ಕೊಟ್ಟ ಕಾಗದ ನೋಡಿಕೊಂಡು ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಹಾರ್ಡ್ ಡಿಸ್ಕ್, ಹದಿನೇಳು ಇಂಚಿನ ಮಾನಿಟರ್, ಸಿ.ಡಿ. ರೈಟರ್, ವೂಫರ್ ಇರುವ ಸ್ಪೀಕರ್, ಕ್ಯಾಬಿನೆಟ್ ಎಂದು ಹೇಳುತ್ತಾ ಹೋದರು. ರ‍್ಯಾಮಿನ ಕೆಳಗೆ, ಅವರು ಹೇಳದಿದ್ದರೂ, ಅದೇ ದುಂಡು ಅಕ್ಷರದಲ್ಲಿ 'ಗ್ರಾಫಿಕ್ಸ್ ಕಾರ್ಡ್' ಎಂದು ಸೇರಿಸಿದೆ. ಆ ಮನೆಯ ಚೀಟಿಯಲ್ಲಿ ನಾನಾಗಿಯೇ ಬರೆದುಕೊಂಡ ಮೊದಲ ಸಾಮಾನು ಅದು.

ಅಂಗಡಿ ಬಿ.ಎಚ್. ರಸ್ತೆಯಲ್ಲಿ, ಹಾಸಿಗೆ ಹೊಲಿಯುವವರ ಮಳಿಗೆಯ ಮೇಲೆ. ಶನಿವಾರ ಬೆಳಿಗ್ಗೆ ಇಬ್ಬರೂ ಹೋದೆವು. ಅಂಗಡಿಯಾತ ಚೀಟಿಯ ಮೇಲೆ ಪೆನ್ನು ಓಡಿಸುತ್ತಾ ಬಂದು ನನ್ನ ಸಾಲಿನಲ್ಲಿ ನಿಂತ.

"ಕಾರ್ಡ್ ಬೇರೆ ಹಾಕ್ಸ್ತೀರಾ ಸಾರ್? ಗೇಮ್ ಆಡೋರು ಇದಾರಾ ಮನೇಲಿ?"

"ಗೇಮಾ? ನಮ್ಮನೇಲಿ ಯಾರಪ್ಪ ಆಡ್ತಾರೆ, ನಮ್ಮಮ್ಮನಾ?" ಯಜಮಾನರು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ಇದೆಲ್ಲಿಂದ ಬಂತೇ?" ಎಂದರು.

"ಭಾವ ಹೇಳ್ತಿದ್ರು…"

"ನಿಮ್ಮ ಭಾವಂಗೇನು, ಹೇಳ್ತಾರೆ. ಹೊಡೆದಾಕಪ್ಪ ಅದನ್ನ."

ಆತ ಗೀಟು ಎಳೆದ. "ಹಂಗಾದ್ರೆ ಬೋರ್ಡೂ ಸಣ್ಣದೇ ಸಾಕು ಸಾರ್. ಡಿಸ್‌ಪ್ಲೇ ಅದರಲ್ಲೇ ಇರುತ್ತೆ. ಮುಂದೆ ಕಾರ್ಡ್ ಕೂರಿಸೋಕೆ ಸ್ಲಾಟ್ ಇರಲ್ಲ, ಅಷ್ಟೇ."

"ಯಾಕೆ ಬೇಕು? ಸಣ್ಣದೇ ಹಾಕು."

ಆತ ಬೋರ್ಡಿನ ಸಾಲಿಗೂ ಗೀಟು ಎಳೆದು ಪಕ್ಕದಲ್ಲಿ 'ಸಣ್ಣದು' ಎಂದು ಬರೆದ. ಮೊದಲ ಗೀಟಿಗಿಂತ ಎರಡನೆಯದು ಹೆಚ್ಚು ನೋಯಿಸಿತು. ಇವತ್ತು ಇಲ್ಲ ಎನ್ನುವುದು ಒಂದು, ಎಂದಿಗೂ ಇಲ್ಲ ಎನ್ನುವುದು ಇನ್ನೊಂದು. ಕಾನ್ವೆಂಟಿನಲ್ಲಿ ಮಾತಾಡಬೇಕೆಂದರೆ ಕೈ ಎತ್ತಿ ಕಾಯಬೇಕಿತ್ತು. ನನ್ನ ಬಲಗೈ ಸೊಂಟದವರೆಗೆ ಎದ್ದು, ಸೆರಗಿನ ಅಂಚು ಹಿಡಿದುಕೊಂಡು ಅಲ್ಲೇ ನಿಂತಿತು. ಯಾರೂ ಅದನ್ನು ನೋಡಲಿಲ್ಲ.

ಸಂಜೆಗೇ ಜೋಡಿಸಿ ಕೊಡುತ್ತೇನೆಂದ ಆತ. ಆದರೆ ಮನೆಯಲ್ಲಿ ಅತ್ತೆ ಒಪ್ಪಲಿಲ್ಲ.

"ಇವತ್ತು ಶನಿವಾರ ಕಣೋ. ಶನಿವಾರ ಯಾರಾದ್ರೂ ಕಬ್ಬಿಣ ತರ್ತಾರೇನೋ ಮನೆಗೆ?"

"ಅಮ್ಮಾ, ಅದು ಕಂಪ್ಯೂಟರ್."

"ಡಬ್ಬ ಯಾತರದ್ದು?"

"ತಗಡು…"

"ತಗಡು ಅಂದ್ರೆ ಕಬ್ಬಿಣ ಅಲ್ದೆ ಬೆಳ್ಳಿಯಾ?"

ಭಾನುವಾರ ಅಂಗಡಿಗೆ ರಜೆ. ಸೋಮವಾರ ಸಂಜೆ ತರುವುದೆಂದಾಯಿತು. ಈ ಶನಿವಾರದ ಕಟ್ಟಳೆಯಿಂದ ಎಷ್ಟೋ ಸಲ ಒಡಕು ಹಿಡಿಯ ಕಾವಲಿಯಲ್ಲೇ ದೋಸೆ ಹುಯ್ದಿದ್ದೆ. ಅಂದು ಅದು ನನಗೆ ಎರಡು ದಿನ ಕೊಟ್ಟಿತು.

ಸೋಮವಾರ ಯಜಮಾನರು ಬೇಲೂರಿನ ಬಸ್ಸು ಹತ್ತಿದ ಮೇಲೆ, ಹೂವು ತರುತ್ತೇನೆಂದು ಅತ್ತೆಗೆ ಹೇಳಿ ಹೊರಟೆ. ಅಂಗಡಿಯ ಮೆಟ್ಟಿಲು ಹತ್ತುವಾಗ ಕೆಳಗೆ ಹತ್ತಿ ಹಿಂಜುವ ಸದ್ದು ಎದೆಯಲ್ಲೇ ಆಗುತ್ತಿರುವಂತಿತ್ತು. ನಮ್ಮ ಸಾಮಾನುಗಳು ಮೇಜಿನ ಮೇಲೆ ಇನ್ನೂ ಬಿಡಿಯಾಗಿಯೇ ಇದ್ದವು.

"ಬೋರ್ಡ್… ಸ್ಲಾಟ್ ಇರೋದನ್ನೇ ಹಾಕ್ತೀರಾ?"

"ಸಾರ್ ಬೇಡ ಅಂದ್ರಲ್ಲಕ್ಕ?" ಎಂದರೂ ಆತ ದೊಡ್ಡ ಬೋರ್ಡನ್ನು ತಂದು ತೋರಿಸಿದ. ಬಿಳಿಯ ಸ್ಲಾಟುಗಳ ಸಾಲಿನಿಂದ ಸ್ವಲ್ಪ ಹಿಂದೆ ಸರಿದು, ಕಂದು ಬಣ್ಣದ್ದೊಂದು ಒಂಟಿಯಾಗಿ ನಿಂತಿತ್ತು. "ಇದೇ ನೋಡಿ. ಆದ್ರೆ ಸಾರ್ ಹೇಳಿದ ದುಡ್ಡಿನ ಮೇಲೆ ಹೋಗಂಗಿಲ್ಲ. ಇದು ಬೇಕು ಅಂದ್ರೆ ಬೇರೆ ಏನಾದ್ರೂ ಇಳಿಸ್ಬೇಕು."

ಇಬ್ಬರೂ ಚೀಟಿಯ ಮೇಲೆ ಬಗ್ಗಿದೆವು. ಮಾನಿಟರಿಗೆ ಯಜಮಾನರು ಗೇಣು ಹಾಕಿ ಜಾಗ ನೋಡಿದ್ದರು. ವೂಫರಿನ ವಿಷಯ ಇಡೀ ಕಚೇರಿಗೆ ಗೊತ್ತಿತ್ತು. ಕಣ್ಣಿಗೆ ಕಾಣುವುದೆಲ್ಲ ಅವರದು. ಒಳಗಿರುವ ಪ್ರೊಸೆಸರನ್ನೋ ರ‍್ಯಾಮನ್ನೋ ಇಳಿಸಿದರೆ ನನ್ನ ಕಾರೇ ಹೊರಡುವುದಿಲ್ಲ.

"ರೈಟರ್ ಬದಲು ಬರೀ ಸಿ.ಡಿ. ಓದೋ ಡ್ರೈವ್ ಹಾಕಿದ್ರೆ ಬೋರ್ಡಿಗೆ ಸರಿಹೋಗುತ್ತೆ," ಎಂದ. ಎರಡನ್ನೂ ಪಕ್ಕಪಕ್ಕ ಇಟ್ಟ. ಮುಂದಿನಿಂದ ನೋಡಿದರೆ ಅಕ್ಕತಂಗಿಯರಂತಿದ್ದವು. "ವೂಫರೂ ಬಿಟ್ರೆ ಕಾರ್ಡೇ ಬಂದ್ಬಿಡುತ್ತಕ್ಕ. ಸಾರ್‌ಗೆ ಒಂದ್ಮಾತು ಫೋನ್ ಮಾಡ್ಲಾ?" ಆತ ರಿಸೀವರ್ ಎತ್ತಿಕೊಂಡ. "ಗೇಮ್ ಯಾರಿಗೆ ಅಂತ ಕೇಳಿದ್ರೆ ಏನು ಹೇಳ್ಲಿ?"

'ನನಗೆ' ಅಂದರೆ ಮುಗಿಯುತ್ತಿತ್ತು. ರಿಸೀವರಿನಿಂದ ಡಯಲ್ ಟೋನ್ ಸಣ್ಣಗೆ ಕೇಳಿಸುತ್ತಿತ್ತು. ಯಜಮಾನರು ಕೋಪಿಸಿಕೊಳ್ಳುವವರಲ್ಲ. ನಗುತ್ತಾರೆ. ಅತ್ತೆಗೆ ಹೇಳುತ್ತಾರೆ, ಅತ್ತೆಯೂ ನಗುತ್ತಾರೆ, ಆಮೇಲೆ ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆ ಆ ಮಾತು.

"ಬೇಡ," ಎಂದೆ. "ಸ್ಲಾಟ್ ಇದ್ರೆ ಸಾಕು. ಕಾರ್ಡ್ ಆಮೇಲೆ ಹಾಕಿಸ್ತೀನಿ."

ಮನೆಗೆ ಬಂದ ಮೇಲೆ ಅತ್ತೆ, "ಹೂವೆಲ್ಲೇ?" ಎಂದರು.

"ಬಾಡಿತ್ತು ಅತ್ತೆ."

ಸಂಜೆ ಕಂಪ್ಯೂಟರ್ ಬಂತು. ಅತ್ತೆ ತಗಡಿನ ಡಬ್ಬಕ್ಕೆ ಅರಿಶಿನ ಕುಂಕುಮ ಹಚ್ಚಿದರು. ಎರಡು ತಿಂಗಳ ಮೇಲೆ ಯಜಮಾನರು ಖಾಲಿ ಸಿ.ಡಿ. ಒಂದನ್ನು ತಂದು ಏನೋ ತುಂಬಿಸಲು ಕೂತರು. ಆಗಲಿಲ್ಲ. "ನೋಡ್ದೇನೇ, ರೈಟರ್ ಅಂತ ಹೇಳಿ ಏನೋ ಹಾಕಿ ಮೋಸ ಮಾಡಿದಾನೆ," ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸಿಡಿದು, ಕರಿಬೇವು ಕಪ್ಪಾಗುವವರೆಗೂ ಸೌಟು ಹಿಡಿದು ನಿಂತಿದ್ದೆ. ಈಗ ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಗೇಟಿನ ಸದ್ದಾಯಿತು.

ಒಂದು ಗಂಟೆಯಲ್ಲಿ ಗೆದ್ದ ಮುಖದಲ್ಲಿ ವಾಪಸ್ಸಾದರು. "ಮಿಸ್ಟೇಕ್ ಆಯ್ತು ಸಾರ್ ಅಂದ. ದುಡ್ಡು ಕೇಳ್ದೇನೇ ರೈಟರ್ ಹಾಕ್ಕೊಡ್ತೀನಿ ಅಂದ. ಇವರನ್ನೆಲ್ಲ ಹಿಂಗೇ ವಿಚಾರಿಸ್ಕೋಬೇಕು."

ಆತ ನನ್ನ ಹೆಸರು ಎತ್ತಿರಲಿಲ್ಲ. ಆಮೇಲೆ ಹಾಸಿಗೆ ಮಳಿಗೆ ಬರುವ ಮೊದಲೇ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯತೊಡಗಿದೆ. ಕಾರ್ಡಿಗೆಂದು ಎತ್ತಿಟ್ಟ ದುಡ್ಡು ಸೀರೆಯ ಮಡಿಕೆಯಲ್ಲಿ ಸಾಕಷ್ಟಾದ ಮೇಲೂ ಆ ಮೆಟ್ಟಿಲು ಹತ್ತಲು ಮುಖವಿರಲಿಲ್ಲ.

ಹತ್ತಿದಾಗ ಮೂರು ವರ್ಷ ಕಳೆದಿತ್ತು.

"ಆ ಸ್ಲಾಟಿನ ಕಾರ್ಡ್ ಬರೋದೇ ನಿಂತೋಯ್ತಲ್ಲಕ್ಕ," ಎಂದ ಆತ. "ಈಗೆಲ್ಲ ಬೇರೆ ಥರದ್ದು. ಬೋರ್ಡಿಂದ ಹಿಡಿದು ಎಲ್ಲಾ ಬದಲಾಯಿಸ್ಬೇಕು. ಅವತ್ತೇ ಹಾಕಿಸ್ಕೋಬೇಕಿತ್ತು ನೀವು."

"ಅವತ್ತು ನಿಮ್ಮ ಮೇಲೆ ಬಂತು ಮಾತು…" ಎಂದೆ.

"ಬಿಡಿ ಅಕ್ಕ." ಸ್ಕ್ರೂಡ್ರೈವರ್ ಒರೆಸುತ್ತಾ ಕೇಳಿದ: "ಆಡ್ತಿದೀರಾ?"

ಆಡುತ್ತಿದ್ದೆ. ಭಾವ ಕೊಟ್ಟ ಸಿ.ಡಿ.ಯಿಂದ ಆಟ ಹಾಕಿಕೊಂಡಿದ್ದೆ. ಅತ್ತೆ ಮಲಗಿದ ಮೇಲೆ, ವೂಫರಿನ ವಯರು ಕಿತ್ತಿಟ್ಟು, ಸದ್ದಿಲ್ಲದೆ. ದೀಪಸ್ತಂಭದ ತಿರುವಿನಲ್ಲಿ ಚಿತ್ರ ನಿಲ್ಲುವುದು ನಿಲ್ಲಲಿಲ್ಲ. ಆದರೆ ಎಷ್ಟು ಹೊತ್ತು ನಿಲ್ಲುತ್ತದೆಂದು ನನ್ನ ಬೆರಳಿಗೆ ಗೊತ್ತಾಗಿತ್ತು. ಚಿತ್ರ ಗಕ್ಕೆನ್ನುವ ಮೊದಲೇ ಬಾಣದ ಗುಂಡಿ ಒತ್ತಿ, ಕಾಣದ ರಸ್ತೆಯ ಮೇಲೆ ಕಾರನ್ನು ತಿರುಗಿಸಿ ಕಾಯುತ್ತಿದ್ದೆ. ಚಿತ್ರ ಮತ್ತೆ ಬಂದಾಗ ಹೆಚ್ಚಿನ ಸಲ ಕಾರು ರಸ್ತೆಯ ಮೇಲೆಯೇ ಇರುತ್ತಿತ್ತು.